ಭಾಷೆಯ ಅಳಿವು ಹಿಂಸೆಯೇ?

ಜೈನ ತತ್ತ್ವದಲ್ಲಿ ಶಬ್ದವು ಪುದ್ಗಲದ ಪರ್ಯಾಯ, ಅದು ಜೀವವಲ್ಲ. ಹಾಗಿದ್ದ ಮೇಲೆ ಒಂದು ಭಾಷೆ ನಶಿಸಿದರೆ ಅದನ್ನು ಹಿಂಸೆಯೆನ್ನಬಹುದೇ? ಧರ್ಮಬಂಧುಗಳೇ, ಈ ಪ್ರಶ್ನೆ ನಮಗೆ ದೂರದ್ದಲ್ಲ. ದಾವಣಗೆರೆ, ಹರಿಹರಗಳ ಪೇಟೆಗೆ ಸುತ್ತಲಿನ ತಾಂಡಾಗಳಿಂದ ಬರುವ ಲಂಬಾಣಿ ಜನರ ಮಾತಿನಲ್ಲಿಯೇ ಅದು ಅಡಗಿದೆ.

ಹಿಂದೆ ಎತ್ತುಗಳ ಮೇಲೆ ಉಪ್ಪು, ದವಸ ಹೇರಿಕೊಂಡು ನಾಡು ಸುತ್ತಿದ ಈ ಜನರ ನುಡಿಯು ರಾಜಸ್ಥಾನಿ ಬಳಗದ್ದು. ನಮ್ಮಲ್ಲಿನ ಮಾರವಾಡಿ ಜೈನ ಮನೆಗಳ ಮಾತಿಗೆ ಹತ್ತಿರದ ನೆಂಟ. ಸಂತ ಸೇವಾಲಾಲರ ಜನ್ಮಸ್ಥಳವೆಂದು ಪೂಜಿತವಾದ ಸೂರಗೊಂಡನಕೊಪ್ಪವು ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿದೆ. 2011ರ ಜನಗಣತಿಯಲ್ಲಿ ದೇಶದಾದ್ಯಂತ 32 ಲಕ್ಷಕ್ಕೂ ಹೆಚ್ಚು ಮಂದಿ ಲಮಾಣಿ ಅಥವಾ ಲಂಬಾಡಿಯನ್ನು ತಾಯ್ನುಡಿಯೆಂದು ಬರೆಸಿದರು. ಗಣತಿಯು ಅದನ್ನು ಮಾರವಾಡಿಯಂತೆಯೇ ಹಿಂದಿಯ ಲೆಕ್ಕಕ್ಕೆ ಸೇರಿಸಿತು. ಸಂವಿಧಾನದ ಎಂಟನೆಯ ಅನುಸೂಚಿಯಲ್ಲಿ ಅದಕ್ಕೆ ಸ್ಥಾನವಿಲ್ಲ.

ಇಷ್ಟು ಜನರಾಡುವ ನುಡಿಗೆ ಭಯವೇನೆಂದು ಕೇಳಬಹುದು. ಚೀನಾದ ತುಜಿಯಾ ಜನಾಂಗದ ಸಂಖ್ಯೆ 80 ಲಕ್ಷವನ್ನು ಮೀರಿದೆ. ಅವರ ಸ್ವಂತ ನುಡಿಯನ್ನಾಡಬಲ್ಲವರು ಒಂದು ಲಕ್ಷವೂ ಇಲ್ಲ. ತಾಯಿಯಿಂದ ಮಗುವಿಗೆ ಹರಿಯುವುದು ನಿಂತರೆ ಜನ ಉಳಿದೂ ನುಡಿ ಅಳಿಯುತ್ತದೆ.

ಈಗ ಮೊದಲ ಪ್ರಶ್ನೆಗೆ ಬರೋಣ. ಪ್ರಮಾದದಿಂದ ಪ್ರಾಣಗಳಿಗೆ ಘಾತವುಂಟುಮಾಡುವುದು ಹಿಂಸೆಯೆಂದು ಉಮಾಸ್ವಾತಿ ಆಚಾರ್ಯರು ಹೇಳಿದ್ದಾರೆ. ಆಗಮಗಳು ಎಣಿಸಿದ ಹತ್ತು ಪ್ರಾಣಗಳಲ್ಲಿ ವಚನಬಲವೂ ಒಂದು. ಭಾಷೆ ಜೀವವಲ್ಲದಿರಬಹುದು, ಆದರೆ ಮನೆಯ ಮಾತಿಗಾಗಿ ನಗೆಗೀಡಾಗಿ ಬಾಯಿ ಮುಚ್ಚಿದ ಮಗುವಿನಲ್ಲಿ ಕುಗ್ಗುವುದು ಆ ಜೀವದ ವಚನಬಲವೇ ಅಲ್ಲವೇ? ಹಿಂಸೆ ನಡೆಯುವುದು ಇಲ್ಲಿ.

ತಾಂಡಾದ ತಂದೆತಾಯಿಗಳು ಜೀವನೋಪಾಯಕ್ಕಾಗಿ ಮಕ್ಕಳಿಗೆ ಕನ್ನಡ, ಇಂಗ್ಲಿಷ್ ಕಲಿಸಬಯಸುವುದು ನ್ಯಾಯವೇ. ಅವರು ಸ್ವೇಚ್ಛೆಯಿಂದ ತಮ್ಮ ನುಡಿಯನ್ನು ಬಿಟ್ಟರೆ ಅದು ಹಿಂಸೆಯಲ್ಲ. ಅವರನ್ನು ತಡೆಯುವ ಅಧಿಕಾರವೂ ನಮಗಿಲ್ಲ. ಆದರೆ ನಾಚಿಕೆಯಿಂದ ಬಿಟ್ಟದ್ದನ್ನು ಸ್ವೇಚ್ಛೆಯೆನ್ನಲಾಗದು. ಆ ನಾಚಿಕೆಯನ್ನು ಹುಟ್ಟಿಸಿದವರಿಗೆ ಪಾಪದ ಪಾಲುಂಟು. ತಾನು ಮಾಡುವುದು, ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಮೂರೂ ಬಂಧಕ್ಕೆ ಕಾರಣವೆಂಬುದನ್ನು ಬಲ್ಲ ನಾವು, ಅಂಗಡಿಯ ಕಟ್ಟೆಯಲ್ಲಿ ಒಬ್ಬರ ಮಾತನ್ನು ಅಣಕಿಸಿದಾಗ ಜೊತೆಗೂಡಿ ನಕ್ಕದ್ದೂ ಅನುಮೋದನೆಯೆಂಬುದನ್ನು ಮರೆಯಬಾರದು.

ತೀರ್ಥಂಕರರ ದಿವ್ಯಧ್ವನಿಯು ಹದಿನೆಂಟು ಮಹಾಭಾಷೆಗಳಲ್ಲಿಯೂ ಏಳುನೂರು ಕಿರುಭಾಷೆಗಳಲ್ಲಿಯೂ ಪರಿಣಮಿಸಿತೆಂದು ನಮ್ಮ ಪರಂಪರೆ ನಂಬಿದೆ. ಸಮವಸರಣದಲ್ಲಿ ಯಾವ ಕಿರುನುಡಿಯೂ ಹೊರಗುಳಿಯಲಿಲ್ಲ. ಭಗವಾನ್ ಮಹಾವೀರರು ಜನರಾಡುವ ಪ್ರಾಕೃತದಲ್ಲಿಯೇ ಉಪದೇಶಿಸಿದರು. 2024ರಲ್ಲಿ ಪ್ರಾಕೃತಕ್ಕೆ ಶಾಸ್ತ್ರೀಯ ಸ್ಥಾನ ದೊರೆತಾಗ ನಾವು ಹರ್ಷಿಸಿದೆವು. ಆದರೆ ಅದನ್ನು ತಾಯ್ನುಡಿಯಾಗಿ ಆಡುವ ಮನೆ ಇಂದು ಒಂದೂ ಇಲ್ಲ. ಗೌರವವು ನುಡಿ ಬದುಕಿರುವಾಗಲೇ ಸಲ್ಲಬೇಕು.

ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುವ ನಮ್ಮ ಟ್ರಸ್ಟುಗಳು ಇಷ್ಟನ್ನಾದರೂ ಮಾಡಬಹುದು: ತಾಂಡಾದ ಮಗು ತನ್ನ ಅಜ್ಜಿಯ ಹಾಡನ್ನು ಸಭೆಯಲ್ಲಿ ಹಾಡಲಿ, ಕನ್ನಡ ಅಕ್ಷರಗಳಲ್ಲಿ ಅದನ್ನು ಬರೆದಿಡಲಿ. ಭಾಷಾಸಮಿತಿಯು ನಾವು ಆಡುವ ಮಾತಿನ ಎಚ್ಚರ. ಇತರರು ನಿರ್ಭಯವಾಗಿ ಮಾತನಾಡುವಂತೆ ನೋಡಿಕೊಳ್ಳುವುದು ಅಭಯದಾನ.