ಒಂದೇ ಬಟ್ಟಲ ಬೇವು ಬೆಲ್ಲ

ದೇವಾಲಯದ ಜೀರ್ಣೋದ್ಧಾರವೆಂದರೆ ಸಡಿಲಿದ ಕಲ್ಲನ್ನು ಅದರದೇ ಸ್ಥಾನದಲ್ಲಿ ಮರಳಿ ನಿಲ್ಲಿಸುವ ಕಾರ್ಯ. ಮನೆಯೆಂಬ ಗುಡಿಗೂ ಇಂತಹ ಜೀರ್ಣೋದ್ಧಾರವು ಆಗಾಗ ಬೇಕಾಗುತ್ತದೆ. ಇದನ್ನರಿತೇ ಹಿರಿಯರು ವರ್ಷಕ್ಕೊಮ್ಮೆ ಯುಗಾದಿಯಂದು ಬಂಧುಬಳಗವೆಲ್ಲ ಮೂಲಮನೆಯಲ್ಲಿ ಕೂಡಬೇಕೆಂಬ ಪದ್ಧತಿಯನ್ನಿರಿಸಿದರು.

ರಾಯದುರ್ಗ, ಮಡಕಶಿರಾ ಸೀಮೆಗಳಲ್ಲಿ ಈ ಪದ್ಧತಿಗೆ ವಿಶೇಷವಾದ ಅರ್ಥವುಂಟು. ಬಳ್ಳಾರಿ ಜಿಲ್ಲೆಯಲ್ಲಿದ್ದ ರಾಯದುರ್ಗವು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯಕ್ಕೆ ಸೇರಿ ಅನಂತಪುರ ಜಿಲ್ಲೆಯ ಭಾಗವಾಯಿತು. ಬಹುಕಾಲ ಅನಂತಪುರ ಜಿಲ್ಲೆಯಲ್ಲಿದ್ದ ಮಡಕಶಿರಾ 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಆದರೆ ನೆಂಟಸ್ತಿಕೆಗೆ ಗಡಿಕಲ್ಲುಗಳಿಲ್ಲ. ರಾಯದುರ್ಗದ ಹೆಣ್ಣುಮಕ್ಕಳು ಬಳ್ಳಾರಿ, ಮೊಳಕಾಲ್ಮೂರು ಕಡೆಗೂ, ಮಡಕಶಿರಾದವರು ಶಿರಾ, ಪಾವಗಡ, ಮಧುಗಿರಿ ಕಡೆಗೂ ಸೊಸೆಯರಾಗಿ ಹೋಗುವರು, ಅತ್ತಣಿಂದಲೂ ಬರುವರು. ಒಂದೇ ಮನೆಯಲ್ಲಿ ಅತ್ತೆಯದು ಕನ್ನಡ, ಸೊಸೆಯದು ತೆಲುಗು. ಅತ್ತೆಯು ಬೇವು ಬೆಲ್ಲವನ್ನು ಕಲಸಿದರೆ, ಸೊಸೆಯು ಅದಕ್ಕೆ ಹೊಸ ಹುಣಸೆಯನ್ನೂ ಮಾವಿನಕಾಯಿಯನ್ನೂ ಸೇರಿಸಿ ಪಚ್ಚಡಿಯೆನ್ನುವಳು. ಚೈತ್ರ ಶುದ್ಧ ಪಾಡ್ಯವು ಇಬ್ಬರಿಗೂ ಒಂದೇ.

ಆ ದಿನ ಬೆಳಗಿನ ಝಾವದಲ್ಲಿ ಮನೆಯ ಹಿರಿಯಳು ಮಕ್ಕಳ ನೆತ್ತಿಗೆ ಎಣ್ಣೆಯೊತ್ತುವಳು. ಬಾಗಿಲಿಗೆ ಮಾವಿನ ತೋರಣ, ದೇವರಿಗೆ ಬೇವು ಬೆಲ್ಲದ ನಿವೇದನೆ, ಎಲೆಗೆ ಒಬ್ಬಟ್ಟು. ಬಳಿಕ ಗುಡಿಯಲ್ಲಿ ಪಂಚಾಂಗ ಶ್ರವಣ. ವರ್ಷದ ರಾಜನಾರು, ಮಂತ್ರಿಯಾರು, ಮಳೆಯೆಷ್ಟು, ಯಾವ ರಾಶಿಗೆ ಆದಾಯವೆಷ್ಟು, ವ್ಯಯವೆಷ್ಟು ಎಂಬುದನ್ನು, ಮಳೆಯನ್ನೇ ನಂಬಿ ಕಡಲೆಕಾಯಿ ಬಿತ್ತುವ ಈ ಸೀಮೆಯ ರೈತನು ಕಿವಿಗೊಟ್ಟು ಕೇಳುವನು. ಆದರೆ ಪಂಚಾಂಗದಲ್ಲಿ ಬರೆಯದ ಲೆಕ್ಕವೊಂದುಂಟು. ಅದು ಒಡಹುಟ್ಟಿದವರು ಒಬ್ಬರಿಗೊಬ್ಬರು ತೀರಿಸಬೇಕಾದ ಋಣದ ಲೆಕ್ಕ.

ಒಂದು ಮನೆಯನ್ನು ಭಾವಿಸಿರಿ. ಅಣ್ಣತಮ್ಮಂದಿರು ಭಾಗವಾಗಿದ್ದಾರೆ. ಹೊಲಗಳು ಸಮನಾಗಿ ಹಂಚಿಹೋದರೂ ಬಾವಿಯ ನೀರಿನ ಸರದಿಯಲ್ಲಿ ಮನಸ್ತಾಪವುಂಟಾಗಿ ಮಾತು ನಿಂತಿದೆ. ತಮ್ಮನು ಬೆಂಗಳೂರು ಸೇರಿದ್ದಾನೆ. ತಾಯಿಯ ಕರೆಗೆ ಓಗೊಟ್ಟು ಹಬ್ಬಕ್ಕೆ ಬಂದಿದ್ದಾನೆ. ಒಂದೇ ಬಟ್ಟಲಿನಿಂದ ತಾಯಿಯು ಇಬ್ಬರ ಅಂಗೈಗೂ ಬೇವು ಬೆಲ್ಲವನ್ನಿಕ್ಕುವಳು. ಆಗಲೂ ಅವರು ಮಾತನಾಡರು.

ಮರುದಿನ ವರ್ಷದ ತೊಡಕು. ಆ ದಿನ ಮಾಡಿದ್ದು ವರ್ಷವೆಲ್ಲ ನಡೆಯುವುದೆಂಬ ನಂಬಿಕೆಯಿಂದ ಮನೆಯಲ್ಲಿ ಯಾರೂ ಗಡುಸಾಗಿ ನುಡಿಯರು. ಸಂಜೆ ಎಲ್ಲರೂ ಮಾಳಿಗೆಯನ್ನೇರಿ ಪಡುವಣದಲ್ಲಿ ಬಿದಿಗೆಯ ಚಂದ್ರನನ್ನು ಹುಡುಕುವರು. ಚಂದ್ರದರ್ಶನವಾದೊಡನೆ ಕಿರಿಯರು ಹಿರಿಯರ ಪಾದಕ್ಕೆರಗುವುದು ರೂಢಿ. ಮೊದಲು ತಮ್ಮನ ಮಗು ‘ದೊಡ್ಡಪ್ಪಾ’ ಎಂದು ಎರಗುವುದು. ಅದರ ಹಿಂದೆ ತಮ್ಮನೂ ಬಾಗುವನು. ಅಣ್ಣನ ಕೈ ತಾನಾಗಿ ಅವನ ತಲೆಯ ಮೇಲೆ ಬರುವುದು. ‘ಯಾವಾಗ ಬಂದೆಯಪ್ಪಾ?’ ಎಂದು ಅಣ್ಣನು ಕೇಳುವನು. ಬಂದು ಎರಡು ದಿನವಾದುದನ್ನು ಅವನೂ ಬಲ್ಲ, ಇವನೂ ಬಲ್ಲ. ಆದರೂ ನಿಂತಿದ್ದ ಮಾತು ಹೊರಟಿತು.

ಆಚಾರದ ಗುಟ್ಟು ಇಲ್ಲಿದೆ. ತಪ್ಪೊಪ್ಪಿ ಬಾಗೆಂದರೆ ಮನುಷ್ಯನ ಅಭಿಮಾನವು ಬಾಗಗೊಡದು. ಹಬ್ಬದ ರೂಢಿಯೆಂದು ಬಾಗಿದರೆ ಸೋಲಿನ ಮಾತೇ ಏಳದು. ಹಾಗೆಂದು ನಮಸ್ಕಾರವೊಂದರಿಂದ ಬಾವಿಯ ವ್ಯಾಜ್ಯ ತೀರಿತೆಂದು ಭ್ರಮಿಸಬಾರದು. ಹಬ್ಬ ಕಳೆದ ಮೇಲೆ ಅಣ್ಣನು ನ್ಯಾಯವಾದ ಸರದಿಯನ್ನು ತಾನಾಗಿ ಬಿಟ್ಟುಕೊಡಬೇಕು. ಇಲ್ಲವಾದರೆ ಕೊಟ್ಟ ಆಶೀರ್ವಾದವು ಬರಿಯ ಮಾತಾದೀತು.

ತೈತ್ತಿರೀಯೋಪನಿಷತ್ತು ದೇವರೆಂದು ಭಾವಿಸಬೇಕಾದವರಲ್ಲಿ ತಾಯಿಯನ್ನು ಮೊದಲು ಹೇಳಿ, ತಂದೆ, ಗುರು, ಅತಿಥಿಗಳನ್ನು ಅನಂತರ ಹೇಳಿದೆ. ಆ ತಾಯಿಯು ಮಕ್ಕಳಿಂದ ಬೇಡುವ ಕಾಣಿಕೆ ಅವರ ಒಗ್ಗಟ್ಟೊಂದೇ. ದೂರವಾಣಿಯಲ್ಲಿ ಶುಭಾಶಯ ಹೇಳಿದರೆ ಸಾಲದೇ ಎಂದು ಕೇಳುವವರುಂಟು. ದೂರವಾಣಿಯಿಂದ ಮಾತು ತಲುಪುವುದು; ನೆತ್ತಿಯ ಮೇಲೆ ಕೈ ತಲುಪದು.

ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು 60. ಕಳೆದ ಸಂವತ್ಸರವು ಅದೇ ಹೆಸರಿನಿಂದ ಮರಳಲು 60 ವರ್ಷಗಳು ಬೇಕು. ತಾಯಿಯ ಕೈಯ ಬೇವು ಬೆಲ್ಲಕ್ಕೆ ಅಷ್ಟು ಕಾಲ ಕಾಯುವ ಅವಕಾಶ ಯಾರಿಗೂ ಇಲ್ಲ. ಆದುದರಿಂದ ಗುಡಿಯ ಕಲ್ಲಿಗೆ ಕೈಯೊಡ್ಡಿದ ಭಕ್ತರು ಬರುವ ಯುಗಾದಿಗೆ, ಮಾತು ಬಿಟ್ಟ ಬಂಧುವಿನ ಮನೆಗೆ ತಾವೇ ಹೋಗಿ ಕರೆದು ಬರಲಿ. ಆ ಸೇವೆಯನ್ನೂ ಭಗವಂತನು ಜೀರ್ಣೋದ್ಧಾರದ ಲೆಕ್ಕಕ್ಕೇ ಜಮಾ ಮಾಡಿಕೊಳ್ಳುವನು. ಸರ್ವರಿಗೂ ಸನ್ಮಂಗಳವುಂಟಾಗಲಿ.