ಶಸ್ತ್ರವೈದ್ಯದಲ್ಲಿ ಹಸ್ತವೂ ಯಂತ್ರವೂ

ಕಳೆದ ಆಷಾಢದಲ್ಲಿ, ನರಸಿಂಹರಾಜಪುರದ ಬಳಿಯ ತೋಟದಲ್ಲಿರುವ ನಮ್ಮ ಭಾವನವರು ಕೊಪ್ಪದ ನಮ್ಮ ಮನೆಗೆ ಬಂದು, ಛತ್ರಿಯನ್ನು ಜಗುಲಿಯ ಮೂಲೆಗೊರಗಿಸಿ ಒಂದು ಪ್ರಶ್ನೆಯನ್ನು ಕೇಳಿದರು. ಅವರ ಉದರದ ಮಹಾಧಮನಿಯು ಒಂದೆಡೆ ಉಬ್ಬಿಕೊಂಡಿದೆ. ಒಡೆದರೆ ಪ್ರಾಣಕ್ಕೇ ಸಂಚಕಾರ. ಘಟ್ಟದ ಕೆಳಗಿನ ಶಸ್ತ್ರವೈದ್ಯರು ಎರಡು ಮಾರ್ಗಗಳನ್ನು ತಿಳಿಸಿರುವರು. ಉದರವನ್ನು ತೆರೆದು ಬಟ್ಟೆಯ ನಾಳವನ್ನು ಕೈಯಿಂದ ಹೊಲಿದು ಜೋಡಿಸುವುದು ಒಂದು. ತೊಡೆಸಂದಿನ ರಕ್ತನಾಳದ ಮೂಲಕ ಲೋಹದ ಬಲೆಯುಳ್ಳ ನಾಳವನ್ನು ಒಳಗೆ ಸಾಗಿಸಿ, ಹೊಲಿಗೆಯಿಲ್ಲದೆ ಅದೇ ಅರಳಿ ಕಚ್ಚಿಕೊಳ್ಳುವಂತೆ ಮಾಡುವುದು ಇನ್ನೊಂದು. “ನೀನು ಶಾಸ್ತ್ರ ಓದಿದವ ಮಾರಾಯ. ಮನುಷ್ಯನ ಕೈಯನ್ನು ನಂಬಲೋ, ಕೀಲನ್ನು ನಂಬಲೋ?” ಎಂದರು.

ನಾನು ಓದಿದ್ದು ವ್ಯಾಕರಣ, ವೈದ್ಯವಲ್ಲ. ಆದರೂ ಪ್ರಶ್ನೆಯು ಧರ್ಮಸಂಬಂಧವಾದುದೆಂದು ತೋರಿ, ತಿಳಿದವರನ್ನು ವಿಚಾರಿಸಿದೆನು.

ಹೊಲಿಗೆಯ ಬದಲು ಉಪಕರಣವೆಂಬುದು ಹೊಸ ಮಾತಲ್ಲ. ತೂತಾದ ಕರುಳಿನ ಅಂಚುಗಳನ್ನು ಕೂಡಿಸಿ, ಕರಿಯಿರುವೆಗಳಿಂದ ಕಚ್ಚಿಸಿ, ದೇಹವನ್ನು ಕಿತ್ತು ತಲೆಯನ್ನು ಮಾತ್ರ ಉಳಿಸಬೇಕೆಂದು ಸುಶ್ರುತಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ವಿಧಿಸಿದೆ. ತೋಟದಲ್ಲಿ ಚಗಳಿಯಿಂದ ಕಚ್ಚಿಸಿಕೊಂಡವರಿಗೆ ಇರುವೆಯ ಹಿಡಿತವನ್ನು ವಿವರಿಸಬೇಕಾದುದಿಲ್ಲ. ಅದೇ ಗ್ರಂಥವು ವೇಲ್ಲಿತಕ, ಗೋಫಣಿಕಾ, ತುನ್ನಸೇವನೀ, ಋಜುಗ್ರಂಥಿಯೆಂದು ಹೊಲಿಗೆಗಳನ್ನು ಹೆಸರಿಸಿ, ಶಿಷ್ಯನು ಮೊದಲು ಬಟ್ಟೆಯ ಮತ್ತು ಮೃದುಚರ್ಮದ ಅಂಚುಗಳಲ್ಲಿ ಅಭ್ಯಾಸಮಾಡಬೇಕೆಂದೂ ಹೇಳುತ್ತದೆ. ಇರುವೆಯನ್ನು ಒಪ್ಪಿದ ಆಚಾರ್ಯನು ಸೂಜಿಯನ್ನು ಬಿಡಲಿಲ್ಲ.

ಪಾಶ್ಚಾತ್ಯರಲ್ಲಿಯೂ ಹೀಗೆಯೇ. 1900ರಲ್ಲಿ ಪಾಯರ್ ಎಂಬ ವೈದ್ಯನು ದೇಹದಲ್ಲಿ ಕರಗುವ ಮೆಗ್ನೀಸಿಯಂ ಉಂಗುರದಿಂದ ರಕ್ತನಾಳಗಳನ್ನು ಕೂಡಿಸಿದನು. ಕಸೂತಿಯ ಹೆಂಗಸೊಬ್ಬಳಿಂದ ಸೂಜಿಗೆಲಸವನ್ನು ಕಲಿತ ಲಿಯಾನ್ ನಗರದ ಅಲೆಕ್ಸಿಸ್ ಕ್ಯಾರೆಲನು 1902ರಲ್ಲಿ ತನ್ನ ಹೊಲಿಗೆಯ ಕ್ರಮವನ್ನು ಪ್ರಕಟಿಸಿ, 1912ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಆಗ ಗೆದ್ದುದು ಕೈ. ಮತ್ತೆ 1978ರಲ್ಲಿ, ಬಟ್ಟೆಯ ನಾಳದ ತುದಿಗೆ ಗಟ್ಟಿ ಉಂಗುರವನ್ನಿಟ್ಟು, ಧಮನಿಯೊಳಗೆ ತೂರಿಸಿ, ಹೊರಗಿನಿಂದ ಪಟ್ಟಿ ಬಿಗಿದು ನಿಲ್ಲಿಸುವ ಕ್ರಮವನ್ನು ಫ್ರಾನ್ಸ್, ಅಮೆರಿಕಗಳ ವೈದ್ಯರು ಪ್ರಕಟಿಸಿದರು. ಲೋಹದ ಬಲೆಯ ನಾಳವನ್ನು 1987ರಲ್ಲಿ ಖಾರ್ಕಿವ್‌ನ ವೊಲೊಡೊಸನೂ, 1990ರಲ್ಲಿ ಬ್ಯೂನಸ್ ಐರಿಸ್‌ನ ಪರೋಡಿಯೂ ಪ್ರಯೋಗಿಸಿದರು.

ನಾನು ಮೊದಲು ಕೈಯ ಪಕ್ಷವನ್ನೇ ವಹಿಸಿದ್ದೆನು. ಮುತ್ತುಗದ ಎಲೆಗೆ ಕಡ್ಡಿ ಚುಚ್ಚಿ ಊಟದೆಲೆ ಹಚ್ಚುತ್ತಿದ್ದ ನಮ್ಮ ತಾಯಿಯ ಬೆರಳುಗಳನ್ನು ಕಂಡವನಿಗೆ ಯಂತ್ರವು ಒತ್ತಿದ ಹಾಳೆತಟ್ಟೆ ರುಚಿಸದು. ಆದರೆ ಊಟದೆಲೆಯು ಕಾಯುತ್ತದೆ, ದೇಹವು ಕಾಯದು. ಧಮನಿಯನ್ನು ಇಕ್ಕಳದಿಂದ ಬಿಗಿಹಿಡಿದು ಹೊಲಿಯುವಷ್ಟು ಹೊತ್ತೂ ಕೆಳಗಿನ ಅಂಗಗಳಿಗೆ ರಕ್ತವಿಲ್ಲ. ಎದೆಯ ಭಾಗದಲ್ಲಾದರೆ ಬೆನ್ನುಹುರಿಯು ಕೆಟ್ಟು ಕಾಲುಗಳೇ ಬಿದ್ದುಹೋಗಬಹುದು. ಉಂಗುರವು ಉಳಿಸುವ ನಿಮಿಷಗಳು ರೋಗಿಯವು. ಹೊಲಿಗೆಯ ಅಂದವನ್ನು ರೋಗಿಯು ಎಂದೂ ನೋಡಲಾರನು. ಹೀಗಿರಲು ಕೌಶಲದ ಅಭಿಮಾನದಿಂದ ಉಪಕರಣವನ್ನು ನಿರಾಕರಿಸುವುದು ಅಹಂಕಾರವೇ ಸರಿ.

ಇಷ್ಟಕ್ಕೇ ಮುಗಿಯಲಿಲ್ಲ. ಉಂಗುರವು ಜರುಗಿದುದೂ, ಧಮನಿಯ ಗೋಡೆಯನ್ನು ಸವೆಸಿದುದೂ ಉಂಟು. ಬಲೆಯ ನಾಳವೂ ಎಲ್ಲರ ಧಮನಿಗೆ ಒಗ್ಗದು. ಒಗ್ಗದವನಿಗೆ ಕೈಯೇ ಗತಿ. ಉಪಕರಣದಲ್ಲೇ ಬೆಳೆದ ಶಿಷ್ಯನ ಕೈಯು ಆ ದಿನ ಎಲ್ಲಿಂದ ಬರಬೇಕು? ಸುಲಭರೋಗಿಗಳ ಮೇಲೆ ಅಭ್ಯಾಸವಿಲ್ಲದೆ ಕಠಿನರೋಗಿಗೆ ಕೈ ಒದಗದು; ಆದರೆ ಅಭ್ಯಾಸಕ್ಕೋಸ್ಕರ ಸುಲಭರೋಗಿಯ ಹೊಟ್ಟೆಯನ್ನು ಸೀಳಬಹುದೆಂದು ಯಾವ ಶಾಸ್ತ್ರ ಹೇಳೀತು? ಈ ಗಂಟನ್ನು ನಾನು ಬಿಡಿಸಲಾರದಾದೆನು.

ಭಾವನವರ ಲೆಕ್ಕವು ಬೇರೆ. ಬಲೆಯ ನಾಳದಲ್ಲಿ ತತ್ಕಾಲದ ಅಪಾಯವು ಕಡಿಮೆ. ಆದರೆ ಸೋರಿಕೆಯುಂಟೋ ಎಂದು ಜೀವವಿರುವವರೆಗೆ ಆಗಾಗ ಪರೀಕ್ಷೆಗೆ ಹೋಗಬೇಕು. ಕೈಹೊಲಿಗೆಯಲ್ಲಿ ಮೊದಲ ಗಂಡಾಂತರವು ಹೆಚ್ಚು, ಅನಂತರದ ಓಡಾಟ ಕಡಿಮೆ. ಮಳೆಗಾಲದಲ್ಲಿ ಆಗುಂಬೆ ಘಾಟಿ ಇಳಿಯುವವನಿಗೆ ಇದು ಸಣ್ಣ ಮಾತಲ್ಲ. ಮರುಭೇಟಿಯಲ್ಲಿ ಅವರು ವೈದ್ಯರನ್ನು, “ತಾವು ಸ್ವಹಸ್ತದಿಂದ ಎಷ್ಟು ಹೊಲಿದಿದ್ದೀರಿ?” ಎಂದು ಕೇಳಿಬಿಟ್ಟರು. ಪಕ್ಕದಲ್ಲಿದ್ದ ನಾನು ನಾಚಿದೆನು. ವೈದ್ಯರು ನೊಂದುಕೊಳ್ಳದೆ, ಮೊದಲಿನಷ್ಟು ಈಗ ಇಲ್ಲವೆಂದು ಹೇಳಿ ಸಂಖ್ಯೆಯನ್ನೂ ತಿಳಿಸಿದರು.

ಕೈಹೊಲಿಗೆಯೆಂದೇ ನಿಶ್ಚಯವಾಗಿದೆ. ಅಡಿಕೆ ಕೊಯ್ಲಿಗೆ ಮೊದಲು ಹೋಗಿಬರುವರಂತೆ.