ನೋಡುವವರ ಪಾಲು

ವಿಂಡ್‌ಹೂಕ್‌ನಿಂದ ಹೊರಟು, ನಮೀಬಿಯಾದ ಎಟೋಶಾ ಕಂಡು, ಬೋಟ್ಸ್ವಾನಾದ ಚೋಬೆ ದಾಟಿ, ಜಿಂಬಾಬ್ವೆಯ ಹ್ವಾಂಗೆಯವರೆಗೆ ವನ್ಯಜೀವಿ ಉದ್ಯಾನಗಳಲ್ಲಿ ಅಲ್ಲಲ್ಲಿ ಡೇರೆ ಹೂಡುತ್ತ ಸಾಗುವ ಪ್ರವಾಸದ ಜೊತೆಗೆ ಒಂದು ನೈತಿಕ ಸಮಾಧಾನವೂ ಬರುತ್ತದೆ. ಹಿಂದೆ ಈ ಬಯಲುಗಳಿಗೆ ಬರುತ್ತಿದ್ದ ಪರದೇಶಿಗಳ ಕೈಯಲ್ಲಿ ಬಂದೂಕಿತ್ತು, ಈಗ ಬರುವವರ ಕೈಯಲ್ಲಿ ದುರ್ಬೀನು. ಕೊಲ್ಲಲಿಲ್ಲ, ಕಡಿಯಲಿಲ್ಲ, ಕಸವನ್ನೂ ಕಟ್ಟಿಕೊಂಡು ಹೊರಟೆವು. ನೋಡಿದೆವು, ಅಷ್ಟೆ. ಆ ‘ಅಷ್ಟೆ’ಯನ್ನು ಒಪ್ಪುವುದು ನನಗೆ ಸಾಧ್ಯವಾಗುತ್ತಿಲ್ಲ. ನೋಡುವುದೂ ಒಂದು ಕರ್ಮ, ಅದಕ್ಕೂ ಫಲವಿದೆ, ಆ ಫಲವನ್ನು ಯಾರೋ ಉಣ್ಣುತ್ತಾರೆ, ಇನ್ನು ಯಾರೋ ತೆರುತ್ತಾರೆ ಎಂಬುದು ನನ್ನ ವಾದ.

ಬರಿದೆ ನೋಡುವವನಿಗೆ ಅಂಟಿಲ್ಲ ಎಂಬ ನಂಬಿಕೆಗೆ ನಮ್ಮಲ್ಲಿ ಆಳವಾದ ಬೇರಿದೆ. ಮುಂಡಕೋಪನಿಷತ್ತಿನ ಜೋಡಿಹಕ್ಕಿಗಳ ಸುತ್ತ ಸಾಕ್ಷಿಭಾವದ ದೊಡ್ಡ ವಿಚಾರವೇ ಬೆಳೆದಿದೆ. ಹಣ್ಣಿಗೆ ಬಾಯಿ ಹಾಕಿದ ಹಕ್ಕಿ ಸುಖದುಃಖಕ್ಕೆ ಸಿಲುಕುತ್ತದೆ, ಸುಮ್ಮನೆ ನೋಡುವ ಹಕ್ಕಿ ಸಿಲುಕುವುದಿಲ್ಲ. ವನ್ಯಜೀವಿ ಪ್ರವಾಸಿ ತನ್ನನ್ನು ಈ ಎರಡನೆಯ ಹಕ್ಕಿಯೆಂದೇ ಭಾವಿಸಿಕೊಂಡಿರುತ್ತಾನೆ. ಆದರೆ ಆ ಹಕ್ಕಿಗೆ ಹಸಿವಿಲ್ಲ. ಮೂರು ದಿನ ಸುತ್ತಿಯೂ ಚಿರತೆ ಕಾಣಲಿಲ್ಲವೆಂದು ಮುಖ ಬಾಡಿಸಿಕೊಳ್ಳುವವನಿಗೆ ಹಸಿವಿದೆ, ಮತ್ತು ನೋಟವೇ ಅವನ ಹಣ್ಣು. ಆತ್ಮವನ್ನು ಕುರಿತ ಮಾತನ್ನು ಟಿಕೆಟ್ ಕೊಂಡು ಬಂದವರ ಮಟ್ಟಕ್ಕೆ ಇಳಿಸುವುದು ಸರಿಯೇ ಎಂದು ವೇದಾಂತ ಓದಿದವರು ಆಕ್ಷೇಪಿಸಬಹುದು. ಇಳಿಸಬಾರದು, ನಿಜ. ಮೈಯಿಲ್ಲದ ಸಾಕ್ಷಿಗೆ ಸಲ್ಲುವ ನಿರ್ಲೇಪವನ್ನು, ಬಾಯಾರಿಕೆಯೂ ಆಸೆಯೂ ಇರುವ ಮನುಷ್ಯ ತನಗೂ ಸಲ್ಲುತ್ತದೆಂದು ಎತ್ತಿಕೊಂಡದ್ದೇ ಇಲ್ಲಿನ ತಪ್ಪು.

ಆ ನೋಟ ಹೇಗೆ ಒದಗಿಬರುತ್ತದೆ ಎಂಬುದನ್ನು ನೀರಿನ ಜಾಡು ಹಿಡಿದು ನೋಡಬೇಕು. ಹ್ವಾಂಗೆಯ ಬಹುಭಾಗದಲ್ಲಿ ವರ್ಷವಿಡೀ ನಿಲ್ಲುವ ನೀರಿಲ್ಲ. 1930ರ ದಶಕದಿಂದ ಕೊಳವೆಬಾವಿ ಕೊರೆದು, ನೀರೆತ್ತಿ, ಹೊಂಡ ತುಂಬಿಸುತ್ತ ಬಂದಿದ್ದಾರೆ. ಒಣ ತಿಂಗಳುಗಳಲ್ಲಿ ಧೂಳೆಬ್ಬಿಸುತ್ತ ಬರುವ ಆನೆಗಳಲ್ಲಿ ಹೆಚ್ಚಿನವು ಬರುವುದು ಪಂಪಿನ ನೀರಿಗೆ. ಎಟೋಶಾದ ಒಕೌಕ್ವೇಯೊ ಶಿಬಿರದ ಪಕ್ಕದ ನೀರುಗುಂಡಿಗೆ ರಾತ್ರಿ ದೀಪ ಹಾಯಿಸುತ್ತಾರೆ, ಖಡ್ಗಮೃಗ ನೀರು ಕುಡಿಯುವುದನ್ನು ಬೆಂಚಿನ ಮೇಲೆ ಕೂತು ನೋಡಬಹುದು. ದಕ್ಷಿಣ ಆಫ್ರಿಕಾದ ಕ್ರೂಗರ್‌ನಲ್ಲಿ ಇಂಥ ಕೃತಕ ನೀರು ಏನು ಮಾಡಿತೆಂಬುದಕ್ಕೆ ಲೆಕ್ಕವೇ ಇದೆ. ಬರ, ಬೇಲಿಯಿಂದ ಮುರಿದ ವಲಸೆ ದಾರಿ, ಬಂದವರಿಗೆ ಪ್ರಾಣಿಗಳು ಕಾಣಲಿ ಎಂಬ ಆಸೆ, ಹೀಗೆ ಹಲವು ಕಾರಣಕ್ಕೆ ಅಲ್ಲಿ ಊರಿಗೊಂದು ಕೆರೆಯೆಂಬಂತೆ ನೀರಿನ ತಾಣಗಳನ್ನು ಹಬ್ಬಿಸಿದರು. ಉತ್ತರದ ಒಣ ಹುಲ್ಲುಗಾವಲಿಗೆ ನೀರು ಬಂದ ಮೇಲೆ ಜೀಬ್ರಾಗಳು ಬಂದವು, ಅವುಗಳ ಹಿಂದೆ ಸಿಂಹಗಳು ಬಂದವು. ಎತ್ತರದ ಹುಲ್ಲನ್ನೇ ನಂಬಿದ್ದ ರೋನ್ ಎಂಬ ದೊಡ್ಡ ಚಿಗರೆ 1986ರಲ್ಲಿ ಸುಮಾರು 450 ಇದ್ದದ್ದು 1993ರ ಹೊತ್ತಿಗೆ 45ರ ಆಸುಪಾಸಿಗೆ ಇಳಿಯಿತು. ಆಮೇಲೆ ಬಹಳಷ್ಟು ಕೊಳವೆಬಾವಿಗಳನ್ನು ಮುಚ್ಚಿದರು. ಇದರಲ್ಲಿ ದುಷ್ಟರು ಯಾರೂ ಇಲ್ಲ, ಎಲ್ಲರೂ ಪ್ರಾಣಿಗಳ ಮೇಲಿನ ಪ್ರೀತಿಯಿಂದಲೇ ಕೆಲಸ ಮಾಡಿದವರು. ಕಾಣಲಿ ಎಂಬ ಬಯಕೆಗೂ ಅಲ್ಲಿ ಪಾಲಿತ್ತು ಎಂಬುದಷ್ಟೇ ನಾನು ಹೇಳುತ್ತಿರುವುದು.

ಪ್ರಾಣಿಗಳಿಗೆ ನೀರು ಕೊಟ್ಟ ಕೈ ಮನುಷ್ಯರಿಗೆ ಅದನ್ನು ತಡೆದದ್ದೂ ಉಂಟು. ಜರ್ಮನ್ ಆಡಳಿತ 1907ರಲ್ಲಿ ಮೀಸಲಿಟ್ಟ ಎಟೋಶಾದಲ್ಲಿ ಹೈಓಮ್ ಎಂಬ ಸಾನ್ ಮೂಲನಿವಾಸಿ ಜನ 1954ರವರೆಗೆ ವಾಸವಾಗಿದ್ದರು. ಅವರನ್ನು ಹೊರಹಾಕಿದ ಮೇಲೆ ಅನೇಕರು ಸುತ್ತಲಿನ ಬಿಳಿಯರ ಜಮೀನುಗಳಲ್ಲಿ ಕೂಲಿಗಳಾದರು. ಮಧ್ಯ ಕಲಹರಿಯನ್ನು 1961ರಲ್ಲಿ ಮೀಸಲು ಮಾಡುವಾಗ ಅಲ್ಲಿನ ಸಾನ್ ಜನ ತಮ್ಮ ಬದುಕನ್ನು ಮುಂದುವರಿಸಲಿ ಎಂಬ ಉದ್ದೇಶವೂ ಇತ್ತು. ಆದರೂ 1997ರಲ್ಲಿ, ಮತ್ತೆ 2002ರಲ್ಲಿ ಬೋಟ್ಸ್ವಾನಾ ಸರ್ಕಾರ ಅವರನ್ನು ಹೊರಗೆ ಸಾಗಿಸಿತು, ಅಲ್ಲಿನ ಮೊಥೊಮೆಲೊ ಊರಿನ ಕೊಳವೆಬಾವಿಯನ್ನು ಮುಚ್ಚಿತು. ನೆಲ ಬಿಡಿಸಿದ್ದು ಅನ್ಯಾಯವೆಂದು 2006ರ ಡಿಸೆಂಬರ್‌ನಲ್ಲಿ ಹೈಕೋರ್ಟ್ ಹೇಳಿತಾದರೂ ನೀರಿನ ಹಕ್ಕಿಗೆ 2011ರ ಮೇಲ್ಮನವಿ ತೀರ್ಪಿನವರೆಗೆ ಕಾಯಬೇಕಾಯಿತು. ನಡುವಿನ ವರ್ಷಗಳಲ್ಲಿ ಅದೇ ಮೀಸಲಿನೊಳಗೆ ಪ್ರವಾಸಿಗಳ ಲಾಡ್ಜ್‌ಗೆ ನೀರು ಸಿಕ್ಕಿತ್ತು. ಕರ್ನಾಟಕದವರಿಗೆ ಇದು ದೂರದ ಕಥೆಯಲ್ಲ. ಬೋಟ್ಸ್ವಾನಾದ ಆ ಹೈಕೋರ್ಟ್ ತೀರ್ಪು ಬಂದ ತಿಂಗಳಲ್ಲೇ ನಮ್ಮ ಸಂಸತ್ತು ಅರಣ್ಯ ಹಕ್ಕು ಕಾಯ್ದೆಗೆ ಒಪ್ಪಿಗೆ ಕೊಟ್ಟಿತು, ನಾಗರಹೊಳೆಯ ಜೇನುಕುರುಬರು ಇವತ್ತಿಗೂ ಆ ಕಾಯ್ದೆಯ ಹೆಸರಿನಲ್ಲಿ ತಮ್ಮ ಹಾಡಿಗಳನ್ನು ಕೇಳುತ್ತಿದ್ದಾರೆ. ಮನುಷ್ಯರಿಲ್ಲದ ಕಾಡು ಎಂದು ನಾವು ಮೈಮರೆತು ನೋಡುವ ಎಷ್ಟೋ ನೋಟಗಳು ಮನುಷ್ಯರನ್ನು ಎಬ್ಬಿಸಿದ ಮೇಲೆ ಸಿಕ್ಕವು.

ನೋಡುವವರ ಪಾಲನ್ನು ಮುಚ್ಚಿಡದೆ ಒಪ್ಪಿಕೊಂಡ ಒಂದು ಜಾಗವೂ ಇದೆ. ಜಾಂಬೆಜಿ ದಂಡೆಯ ಮಾನಾ ಪೂಲ್ಸ್‌ನ ಡೇರೆತಾಣಗಳಿಗೆ ಬೇಲಿಯಿಲ್ಲ, ಅಲ್ಲಿಗೆ ಕಿತ್ತಳೆ ತರುವಂತಿಲ್ಲ, ನಿಂಬೆಯ ಜಾತಿಯ ಯಾವ ಹಣ್ಣನ್ನೂ ತರುವಂತಿಲ್ಲ. ಆನೆಗಳಿಗೆ ಅದರ ಚಪಲ ಹತ್ತಿದರೆ ಡೇರೆ ಹರಿಯುತ್ತವೆ, ವಾಹನ ಮುರಿಯುತ್ತವೆ, ಕೊನೆಗೆ ಗುಂಡು ಬೀಳುವುದು ಆನೆಗೆ. ಒಂದು ಹಣ್ಣಿನ ವಾಸನೆ ಒಂದು ಪ್ರಾಣಿಯ ಸಾವಾಗಬಲ್ಲದು ಎಂದು ಈ ಸಣ್ಣ ನಿಯಮಕ್ಕೆ ತಿಳಿದಿದೆ. ಅಲ್ಲಿಗೆ ಹೋದವರು ಬರಿಯ ಕಣ್ಣಾಗಿ ಹೋಗಿರುವುದಿಲ್ಲ, ವಾಸನೆಯುಳ್ಳ, ತಿನ್ನುವ, ಬೇಟೆಯೂ ಆಗಬಲ್ಲ ಮೈಯಾಗಿ ಹೋಗಿರುತ್ತಾರೆ.

ಪ್ರವಾಸಿಗಳ ಹಣವಿಲ್ಲದೆ ಈ ಪ್ರಾಣಿಗಳು ಉಳಿಯುತ್ತವೆಯೇ ಎಂದು ಕೇಳುವವರಿದ್ದಾರೆ. ಬಲವಾದ ಪ್ರಶ್ನೆ. ಸುಮಾರು 1,30,000 ಆನೆಗಳಿರುವ ಬೋಟ್ಸ್ವಾನಾದಲ್ಲಿ ಬೆಳೆ ಕಳೆದುಕೊಳ್ಳುವ ರೈತನಿಗೆ ಆನೆ ಉಳಿಯಲಿ ಎನ್ನಲು ಏನಾದರೂ ಕಾರಣ ಬೇಕು. ನಮೀಬಿಯಾ 1996ರಲ್ಲಿ ಕಾನೂನು ಬದಲಿಸಿ ಸಮುದಾಯದ ಜಮೀನುಗಳಲ್ಲಿ ವನ್ಯಜೀವಿಗಳ ಆದಾಯದ ಹಕ್ಕನ್ನು ಅಲ್ಲಿನ ಜನರಿಗೇ ಕೊಟ್ಟದ್ದು ಇದೇ ಯೋಚನೆಯಿಂದ. ಆದರೆ ಈ ಆಕ್ಷೇಪ ನನ್ನ ಮಾತನ್ನೇ ಗಟ್ಟಿ ಮಾಡುತ್ತದೆ. ನೋಟದಿಂದ ಒಳ್ಳೆಯದು ಆಗಬಲ್ಲದಾದರೆ ಕೆಟ್ಟದ್ದೂ ಆಗಬಲ್ಲದು, ಪುಣ್ಯವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಹಾಗಾದರೆ ಹೋಗದಿರುವುದೇ ಲೇಸೇ? ಅದೂ ಅಲ್ಲ. ಯುರೋಪಿನ ಮಾರುಕಟ್ಟೆಗೆ ಹೋಗುವ ದನದ ಮಾಂಸಕ್ಕೆ ರೋಗ ತಗಲದಿರಲಿ ಎಂದು ಬೋಟ್ಸ್ವಾನಾದಲ್ಲಿ ಎಳೆದ ಬೇಲಿಗಳು 1980ರ ದಶಕದ ಬರದಲ್ಲಿ ನೀರು ಹುಡುಕಿ ಹೊರಟ ವೈಲ್ಡಬೀಸ್ಟ್‌ಗಳನ್ನು ತಡೆದವು, ಅವು ರಾಶಿರಾಶಿಯಾಗಿ ಸತ್ತವು. ಆ ಮಾಂಸ ತಿಂದವರಲ್ಲಿ ಬಹುಪಾಲು ಜನ ಕಲಹರಿಯ ಮುಖವನ್ನೇ ಕಂಡವರಲ್ಲ.

ಕಾಡನ್ನು ಅಲ್ಲಿನ ಜನರೇ ಕಾಯ್ದರೆ ಈ ತೊಡಕು ಇರದು ಎನ್ನುವವರು ಬೋಟ್ಸ್ವಾನಾದ ಒಕವಾಂಗೋದಲ್ಲಿರುವ ಮೊರೆಮಿ ಮೀಸಲನ್ನು ತೋರಿಸುವುದುಂಟು. 1963ರಲ್ಲಿ ಬತವಾನ ಜನ ತಮ್ಮದೇ ಬೇಟೆಯ ನೆಲವನ್ನು ಕಾಯ್ದಿಟ್ಟರು. ದೊಡ್ಡ ಕೆಲಸವೇ. ಆದರೆ ಅದರೊಳಗಿದ್ದ ಖ್ವಾಯಿಯ ಸಾನ್ ಜನ ಆಗ ಜಾಗ ಬಿಡಬೇಕಾಯಿತು. ಇಂದು ಮೀಸಲಿನ ಅಂಚಿನಲ್ಲಿ, ಖ್ವಾಯಿ ನದಿಯ ಆಚೆ, ಆ ಊರಿನ ಟ್ರಸ್ಟೇ ಡೇರೆತಾಣಗಳನ್ನು ನಡೆಸುತ್ತದೆ. ಅಲ್ಲಿ ಕೊಟ್ಟ ಬಾಡಿಗೆ ಹಳೆಯ ನೆಲವನ್ನು ಮರಳಿಸುವುದಿಲ್ಲ, ಆದರೂ ಅದು ಊರಿಗೆ ಸೇರುತ್ತದೆ. ಆನೆ, ಚಿರತೆ, ಕಾಡುನಾಯಿಗಳು ಎರಡೂ ದಡಗಳಲ್ಲಿ ಓಡಾಡುತ್ತವೆ. ಎಲ್ಲಿ ಡೇರೆ ಹೂಡುವುದು, ಬಾಡಿಗೆ ಯಾರ ಕೈ ಸೇರುತ್ತದೆ ಎಂಬುದನ್ನು ಹೊರಡುವ ಮೊದಲೇ ಕೇಳಿ ತಿಳಿಯಬಹುದು.